ತೂಕದ ಗುಂಡಿಗೆ ತಾಳ್ಮೆಯ ಮದ್ದು

ಕೊತ್ರೂಡಿನ ವಾಚಕರೊಬ್ಬರು ನಮಗೆ ಈ ಸಲ ಒಂದು ವಿಲಕ್ಷಣವಾದ ಪ್ರಶ್ನೆಯನ್ನು ಕಳುಹಿಸಿದ್ದಾರೆ. ಅವರ ತಂಗಿಯ ಮಗ ಅಮೆರಿಕದ ಟೆಕ್ಸಾಸ್ ಪ್ರಾಂತದಲ್ಲಿ ಉದ್ಯೋಗದಲ್ಲಿದ್ದಾನೆ. ರಜೆ ಬಂದರೆ ಸಾವಿರ ಗಜ ದೂರದ ಗುರಿಗೆ ಬಂದೂಕು ಹೊಡೆಯುವ ಹವ್ಯಾಸವನ್ನು ಹಚ್ಚಿಕೊಂಡಿದ್ದಾನಂತೆ. ಅಲ್ಲಿ ಕಾಯಿದೆಯ ಅಡ್ಡಿ ಇಲ್ಲವಾದ್ದರಿಂದ ತೋಟಾಗಳನ್ನು ಮನೆಯಲ್ಲೇ ತುಂಬಿಕೊಳ್ಳುತ್ತಾನೆ. ಇದುವರೆಗೆ 155 ಗ್ರೇನ್ ತೂಕದ ಗುಂಡನ್ನು ಹೊಡೆಯುತ್ತಿದ್ದವನು ಈಗ 185ಕ್ಕೆ ಏರಬೇಕೆಂದಿದ್ದಾನೆ. "ಗುಂಡು ಭಾರವಾದರೆ ಮದ್ದನ್ನೂ ಅಷ್ಟು ಜಾಸ್ತಿ ಹಾಕಿದರಾಯಿತಲ್ಲ, ಮಾವ" ಎಂದು ದೂರವಾಣಿಯಲ್ಲಿ ಹೇಳಿದನಂತೆ. ಖಡಕಿಯ ಕಾರ್ಖಾನೆಯ ಲೆಕ್ಕಪತ್ರದ ವಿಭಾಗದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಮಾವನವರಿಗೆ ಈ ಮಾತು ಸರಿಯಲ್ಲವೆಂದು ತೋರಿದೆ. ಏಕೆ ಸರಿಯಲ್ಲವೆಂದು ಹೇಳಲು ಬಂದಿಲ್ಲ. "ಮದ್ದಿನ ಲೆಕ್ಕ ಬರೆದವನಿಗೆ ಮದ್ದಿನ ಗುಣವೂ ತಿಳಿದಿರಬೇಕೆಂದೇನಿದೆ? ನೀವೇ ಬರೆಯಿರಿ, ಅವನಿಗೆ ಓದಿ ಹೇಳುತ್ತೇನೆ" ಎಂದು ಅಪ್ಪಣೆ ಮಾಡಿದ್ದಾರೆ.

ಕುಟುಂಬದ ಪತ್ರಿಕೆಯಲ್ಲಿ ಮದ್ದುಗುಂಡಿನ ಮಾತೇಕೆ ಎಂದು ಸೋದರಿಯರು ಹುಬ್ಬೇರಿಸಬಾರದು. ಪುಣೆಯಲ್ಲಿ ಮನೆಮಾಡಿದ ನಮಗೆ ಇದು ನೆರೆಮನೆಯ ಸಂಗತಿಯೇ. ಖಡಕಿಯ ಮದ್ದುಗುಂಡಿನ ಕಾರ್ಖಾನೆ ಆರಂಭವಾದದ್ದು 1869ರಲ್ಲಿ. ಪಾಷಾಣದ ಕಡೆಗೆ ಹೋದರೆ ಬಂದೂಕುಗಳನ್ನು ರೂಪಿಸುವ ಸಂಶೋಧನಾ ಸಂಸ್ಥೆಯೂ ಸ್ಫೋಟಕಗಳ ಪ್ರಯೋಗಾಲಯವೂ ಇವೆ. 2021ರಲ್ಲಿ ಸರಕಾರಿ ಶಸ್ತ್ರ ಕಾರ್ಖಾನೆಗಳನ್ನು ಏಳು ಕಂಪನಿಗಳಾಗಿ ವಿಂಗಡಿಸಿದಾಗ ಮದ್ದುಗುಂಡಿನ ಪಾಲಿಗೆ ಬಂದ ಮ್ಯುನಿಷನ್ಸ್ ಇಂಡಿಯಾ ಕಂಪನಿಯ ಪ್ರಧಾನ ಕಚೇರಿಯೂ ಈ ಊರಿನಲ್ಲೇ ಆಯಿತು. ಮೇಲಾಗಿ ಪ್ರಶ್ನೆ ಒಬ್ಬ ಹುಡುಗನ ಕಣ್ಣು ಕೈಗಳಿಗೆ ಸಂಬಂಧಪಟ್ಟದ್ದು. ಬಂದೂಕಿನ ಗೂಡು ಒಡೆದರೆ ಅದು ಒಡೆಯುವುದು ಹೊಡೆಯುವವನ ಕೆನ್ನೆಯಿಂದ ಒಂದು ಗೇಣು ದೂರದಲ್ಲಿ.

ಹುಡುಗನ ಮಾತು ಅಷ್ಟೇನೂ ಹುಚ್ಚಿನದಲ್ಲ. ನಮ್ಮ ಹಿರಿಯರ ಮಾತೇ ಅದು. ಮಲೆನಾಡಿನಲ್ಲಿ ಕೇಪಿನ ಕೋವಿ ಹಿಡಿದವರು ಈಡು ತುಂಬುವಾಗ ಗಜದ ಕೋಲನ್ನು ನಳಿಗೆಯೊಳಗೆ ಬಿಟ್ಟು, ಅದು ಬಾಯಿಂದ ಎಷ್ಟು ಬೆರಳು ಮೇಲೆ ನಿಲ್ಲುತ್ತದೆಂದು ನೋಡುತ್ತಿದ್ದರು. ಹಕ್ಕಿಗೆ ಇಷ್ಟು ಬೆರಳು, ಹಂದಿಗೆ ಅಷ್ಟು ಬೆರಳು. ಬೇಟೆ ದೊಡ್ಡದಾದರೆ ಗುಂಡು ದೊಡ್ಡದು, ಗುಂಡು ದೊಡ್ಡದಾದರೆ ಈಡು ಹೆಚ್ಚು. ಕಾಡು ಸುತ್ತಿದವರ ಮಟ್ಟಿಗೆ ಆ ಲೆಕ್ಕ ಬಹುಮಟ್ಟಿಗೆ ನಡೆಯುತ್ತಲೂ ಇತ್ತು. ಏಕೆಂದರೆ ಅದು ಕರಿಮದ್ದು: ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿಸಿ ಅರೆದದ್ದು. ಆ ಮದ್ದು ಒತ್ತಡ ಹೆಚ್ಚಿದರೂ ತನ್ನ ಉರಿಯ ನಡಿಗೆಯನ್ನು ಹೆಚ್ಚು ಬದಲಿಸುವುದಿಲ್ಲ. ಹೊಗೆ ಕಣ್ಣಿಗೆ ಕತ್ತಲೆ ಕವಿಸುವಷ್ಟು, ನಾತ ಊರಿಗೆಲ್ಲ. ಆದರೂ ಸ್ವಭಾವದಲ್ಲಿ ಸಾಧು. ಕೊಡಗಿನ ಕೈಲ್‌ಮುಹೂರ್ತದಲ್ಲಿ ಮರದ ತುದಿಯ ತೆಂಗಿನಕಾಯಿಗೆ ಗುರಿಯಿಡುವ ಜಾಣರಿಗೂ ಅವರ ತಾತಂದಿರಿಗೂ ನಡುವೆ ಆಗಿರುವ ದೊಡ್ಡ ಬದಲಾವಣೆ ಇದೇ. ಇಂದಿನ ತೋಟಾದೊಳಗಿರುವುದು ಹೊಗೆಯಿಲ್ಲದ ಮದ್ದು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ಎಂಬಾತ ಅದನ್ನು ಬಂದೂಕಿಗೆ ಒಗ್ಗುವಂತೆ ಮಾಡಿದ. ಹತ್ತಿಯಂತಹ ನಾರನ್ನು ನೈಟ್ರಿಕ್ ಆಮ್ಲದಲ್ಲಿ ಪಳಗಿಸಿ, ಕರಗಿಸಿ, ಒಣಗಿಸಿ ಮಾಡುವ ಈ ಮದ್ದಿಗೆ ಬೆರಳಿನ ಲೆಕ್ಕ ಸುತರಾಂ ಸಲ್ಲದು.

ಅದು ಏಕೆಂದು ತಿಳಿಯಬೇಕಾದರೆ ಮೊದಲು ತೂಕವನ್ನು ಕಣ್ಣಿಗೆ ತಂದುಕೊಳ್ಳೋಣ. ಗ್ರೇನ್ ಎಂದರೆ ಏನೆಂದು ನಮ್ಮ ಅಕ್ಕಸಾಲಿಗರನ್ನು ಕೇಳಿದರೆ ಸಾಕು: ಹಳೆಯ ಒಂದು ತೊಲೆಗೆ 180 ಗ್ರೇನ್. ಆಂಗ್ಲರ ಕಾಲದ ಬೆಳ್ಳಿಯ ರೂಪಾಯಿಯ ತೂಕವೂ ಅಷ್ಟೇ. ಹಾಗಾದರೆ ನಮ್ಮ ಹುಡುಗ ಹೊಡೆಯಬೇಕೆಂದಿರುವ ಗುಂಡು ಒಂದು ಬೆಳ್ಳಿ ರೂಪಾಯಿಗಿಂತ ತುಸುವೇ ಭಾರ. ಅದನ್ನು ಸಾವಿರ ಗಜ ಅಟ್ಟುವ ಮದ್ದಿನ ತೂಕವೋ, ಅವನ .308 ಬಂದೂಕಿನಲ್ಲಿ, ಸುಮಾರಾಗಿ ಒಂದು ಬೆಳ್ಳಿ ಪಾವಲಿಯಷ್ಟು. ಒಂದು ಪಾವಲಿ ಒಂದು ರೂಪಾಯಿಯನ್ನು ಅರ್ಧ ಮೈಲಿಯಾಚೆಗೆ ಎಸೆಯುತ್ತದೆ! ಈ ಕೆಲಸವೆಲ್ಲ ನಡೆಯುವುದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಸ್ವಲ್ಪವೇ ಹೆಚ್ಚು ಹೊತ್ತಿನಲ್ಲಿ. ಆಗ ಗೂಡಿನೊಳಗೆ ಏಳುವ ಒತ್ತಡಕ್ಕೆ ಅಮೆರಿಕದ ತಯಾರಕರು ಹಾಕಿಕೊಂಡಿರುವ ಮೇರೆ, ಈ ಜಾತಿಯ ತೋಟಾಕ್ಕೆ, ಚದರ ಅಂಗುಲಕ್ಕೆ 62,000 ಪೌಂಡು. ಕಾರಿನ ಚಕ್ರಕ್ಕೆ ನಾವು ತುಂಬಿಸುವ ಗಾಳಿಗಿಂತ ಸುಮಾರು ಎರಡು ಸಾವಿರ ಪಟ್ಟು.

ಕೇಪು ಸಿಡಿದು ಮದ್ದಿಗೆ ಕಿಡಿ ತಗುಲಿತೆನ್ನಿ. ಅನಿಲ ಹುಟ್ಟುತ್ತದೆ, ಗುಂಡನ್ನು ನೂಕುತ್ತದೆ. ಗುಂಡು ಮುಂದೆ ಸರಿದಷ್ಟೂ ಅದರ ಹಿಂದೆ ಜಾಗ ಬಿಡುತ್ತದೆ; ಆ ಜಾಗದಲ್ಲಿ ಅನಿಲ ಹರಡಿಕೊಂಡು ಒತ್ತಡ ಇಳಿಯುತ್ತದೆ. ಒಂದು ಕಡೆ ಅನಿಲ ಹುಟ್ಟುವ ವೇಗ, ಇನ್ನೊಂದು ಕಡೆ ಜಾಗ ಬಿಡುವ ವೇಗ. ಇವೆರಡರ ಓಟದ ಪಂದ್ಯವೇ ಬಂದೂಕಿನ ಇಡೀ ಶಾಸ್ತ್ರ. ಈಗ ಗುಂಡು ಭಾರವಾಯಿತೆನ್ನಿ. ಖಾಲಿ ಗಾಡಿಯನ್ನು ನೂಕಿದರೆ ಥಟ್ಟನೆ ಹೊರಡುತ್ತದೆ. ಮೂಟೆ ಹೇರಿದ ಗಾಡಿ ಹೊರಡಲು ಹೊತ್ತು ಹಿಡಿಯುತ್ತದೆ. ಭಾರದ ಗುಂಡು ನಿಧಾನವಾಗಿ ಜಾಗ ಬಿಡುತ್ತದೆ, ಅನಿಲವೋ ಮೊದಲಿನ ವೇಗದಲ್ಲೇ ಹುಟ್ಟುತ್ತಿದೆ, ಒತ್ತಡ ಏರುತ್ತದೆ. ಇಲ್ಲಿಗೆ ಮುಗಿದಿದ್ದರೆ ಅಷ್ಟು ಭಯವಿರಲಿಲ್ಲ. ಹೊಗೆಯಿಲ್ಲದ ಮದ್ದಿನ ದುರ್ಗುಣವೊಂದಿದೆ: ಒತ್ತಡ ಏರಿದಷ್ಟೂ ಅದು ಇನ್ನೂ ಬಿರುಸಾಗಿ ಉರಿಯುತ್ತದೆ. ಬಿರುಸಾಗಿ ಉರಿದಷ್ಟೂ ಒತ್ತಡ ಇನ್ನೂ ಏರುತ್ತದೆ. ಕುಕ್ಕರಿನ ತೂತು ಕಟ್ಟಿಕೊಂಡಾಗ ಒಲೆಯ ಉರಿ ತಾನಾಗಿಯೇ ದೊಡ್ಡದಾಗುವ ಹಾಗಿದ್ದರೆ ಅಡಿಗೆಮನೆಯಲ್ಲಿ ಯಾರು ನಿಂತಾರು?

ಆದ್ದರಿಂದ ಅಳಿಯಂದಿರಿಗೆ ಮೊದಲ ಉತ್ತರ ಇದು. ಅದೇ ಮದ್ದನ್ನು ಇಟ್ಟುಕೊಂಡು ಗುಂಡನ್ನು ಮಾತ್ರ ಭಾರ ಮಾಡಿದರೆ ಮದ್ದನ್ನು ಹೆಚ್ಚಿಸಬೇಕಾದ್ದಿಲ್ಲ, ಕಡಿಮೆ ಮಾಡಬೇಕು. ಮದ್ದಿನ ಕಂಪನಿಗಳು ಅಚ್ಚುಹಾಕಿಸುವ ಕೈಪಿಡಿಯ ಯಾವ ಪುಟವನ್ನು ತೆರೆದರೂ ಇದು ಕಾಣುತ್ತದೆ: ಒಂದೇ ತೋಟಾ, ಒಂದೇ ಮದ್ದು, ಗುಂಡಿನ ತೂಕ ಏರುತ್ತ ಹೋದಂತೆ ಮದ್ದಿನ ಮೇರೆ ಇಳಿಯುತ್ತ ಬರುತ್ತದೆ. ಹಾಗೆ ಇಳಿಸಿದರೆ ಗುಂಡಿನ ವೇಗ ಕುಂದುತ್ತದೆ. ವೇಗ ಕುಂದಿದರೆ ಭಾರದ ಗುಂಡನ್ನು ಕೊಂಡ ಪ್ರಯೋಜನವೇನು? ಇಲ್ಲೇ ಮದ್ದನ್ನು ಬದಲಿಸುವ ಪ್ರಶ್ನೆ ಬರುವುದು. ಭಾರದ ಗುಂಡಿಗೆ ಬೇಕಾದದ್ದು ಗುದ್ದುವ ಮದ್ದಲ್ಲ, ಹೆಗಲು ಕೊಟ್ಟು ನೂಕುವ ಮದ್ದು. ಮೊದಲು ಮೆಲ್ಲನೆ ಹೊತ್ತಿಕೊಂಡು, ಗುಂಡು ನಳಿಗೆಯಲ್ಲಿ ಓಡುತ್ತಿರುವಷ್ಟು ಹೊತ್ತೂ ಅನಿಲವನ್ನು ಒದಗಿಸುತ್ತಿರಬೇಕು. ಅಂತಹ ಮದ್ದಾದರೆ ಒತ್ತಡದ ಶಿಖರ ಮೇರೆಯೊಳಗೇ ನಿಲ್ಲುತ್ತದೆ, ತೂಕದಲ್ಲಿ ಸ್ವಲ್ಪ ಹೆಚ್ಚು ಮದ್ದು ಹಿಡಿಸಲೂ ಬರುತ್ತದೆ, ಗುಂಡು ವೇಗವಾಗಿಯೂ ಹೊರಡುತ್ತದೆ.

ಒಂದೇ ಪದಾರ್ಥದ ಮದ್ದು ಒಂದು ಅವಸರದ್ದು, ಇನ್ನೊಂದು ನಿಧಾನದ್ದು ಆಗುವುದು ಹೇಗೆ? ಇದನ್ನು ತಿಳಿಯಲು ನಮ್ಮ ಅಡಿಗೆಮನೆಗಿಂತ ಒಳ್ಳೆಯ ಪಾಠಶಾಲೆ ಇಲ್ಲ. ಸೌದೆಯ ಒಂದು ಕೊರಡು ಗಂಟೆಗಟ್ಟಲೆ ಉರಿಯುತ್ತದೆ. ಅದನ್ನೇ ಸಿಪ್ಪೆಸಿಪ್ಪೆಯಾಗಿ ಸೀಳಿ ಒಲೆಗಿಟ್ಟರೆ ಎರಡು ನಿಮಿಷಕ್ಕೆ ಭಸ್ಮ. ಉರಿಯುವುದು ಮೈಯಿಂದಲೇ ಹೊರತು ಒಳಗಿನಿಂದಲ್ಲ. ಸಣ್ಣ ಚೂರುಗಳಾದಷ್ಟೂ ಮೈ ಹೆಚ್ಚು. ಚಿರೋಟಿ ರವೆಗೂ ಬನ್ಸಿ ರವೆಗೂ ಇರುವ ವ್ಯತ್ಯಾಸ ಮದ್ದಿನ ಕಾಳಿನಲ್ಲೂ ಉಂಟು. ಪಿಸ್ತೂಲಿನ ಮದ್ದು ತೆಳುವಾದ ಚಕ್ಕೆ, ದೂರದ ಬಂದೂಕಿನ ಮದ್ದು ದಪ್ಪ ಕಾಳು. ಆದರೆ ದಪ್ಪ ಕಾಳಿಗೂ ಒಂದು ಕೊರತೆ: ಉರಿಯುತ್ತ ಉರಿಯುತ್ತ ಸವೆದು ಅದರ ಮೈ ಕಿರಿದಾಗುತ್ತದೆ. ಆರಂಭದಲ್ಲಿ ಬೇಡವಾದಷ್ಟು ಅನಿಲ, ಕೊನೆಯಲ್ಲಿ ಬೇಕಾದಾಗ ಇಲ್ಲ. ಇದಕ್ಕೆ ಕಂಡುಕೊಂಡ ಉಪಾಯವೇ ಕಾಳಿನ ನಡುವೆ ತೂತು. ಉದ್ದಿನ ವಡೆಗೆ ತೂತಿಡುವುದು ಒಳಗೂ ಬೇಯಲೆಂದಲ್ಲವೆ? ತೂತಿನ ಕಾಳು ಹೊರಗಿನಿಂದ ಸವೆದಂತೆ ಹೊರಮೈ ಕುಗ್ಗುತ್ತದೆ, ಒಳಗಿನಿಂದ ಉರಿದಂತೆ ತೂತಿನ ಮೈ ಹಿಗ್ಗುತ್ತದೆ. ಒಟ್ಟಿನಲ್ಲಿ ಉರಿಯುವ ಮೈ ಹೆಚ್ಚುಕಡಿಮೆ ಸಮವಾಗಿ ಉಳಿಯುತ್ತದೆ. ಇಷ್ಟಲ್ಲದೆ ಕಾಳಿನ ಹೊರಮೈಗೆ ಉರಿಯನ್ನು ತಡೆಯುವ ರಾಸಾಯನಿಕವನ್ನು ಪೂಸುವ ಕ್ರಮವೂ ಇದೆ. ಆ ಪೂಸು ಉರಿದು ಹೋಗುವ ಹೊತ್ತಿಗೆ ಗುಂಡು ಹೊರಟಿರುತ್ತದೆ. ಮದ್ದಿನ ತಾಳ್ಮೆ ಎನ್ನುವುದು ಹೀಗೆ ಆಕಾರದಿಂದಲೂ ಲೇಪದಿಂದಲೂ ಬರುವಂಥದು.

ಖಡಕಿಯಲ್ಲೇ ಈ ಚರಿತ್ರೆಯ ಒಂದು ತುಣುಕು ನಡೆದಿದೆ. .303 ಬಂದೂಕಿನ ಹೆಸರನ್ನು ಕೇಳದವರು ನಮ್ಮ ಹಿರಿಯ ಸದಸ್ಯರಲ್ಲಿ ಯಾರೂ ಇರಲಾರರು. ಪೊಲೀಸರ ಹೆಗಲ ಮೇಲೆ ದಶಕಗಳ ಕಾಲ ಕಂಡ ಬಂದೂಕೇ ಅದು. 1880ರ ದಶಕದ ಕೊನೆಯಲ್ಲಿ ಅದು ಬಂದಾಗ ತೋಟಾದೊಳಗೆ ಇದ್ದದ್ದು ಕರಿಮದ್ದು, ಅದೂ ಪುಡಿಯಾಗಿ ಅಲ್ಲ, ಒತ್ತಿ ಗಟ್ಟಿ ಮಾಡಿ ನಡುವೆ ತೂತಿಟ್ಟ ಬಿಲ್ಲೆಯಾಗಿ. ಸುಮಾರು 70 ಗ್ರೇನ್ ಮದ್ದು, ಮುಂದೆ 215 ಗ್ರೇನ್ ಗುಂಡು. ಕೆಲವೇ ವರ್ಷಗಳಲ್ಲಿ ಕಾರ್ಡೈಟ್ ಬಂತು. ಅದರ ಅರ್ಧಕ್ಕೂ ಕಡಿಮೆ ತೂಕದ ಮದ್ದು ಅದೇ ಗುಂಡನ್ನು ಇನ್ನಷ್ಟು ಬಿರುಸಾಗಿ ಹೊಡೆಯಿತು. ಕಾರ್ಡೈಟನ್ನು ಹದಮಾಡಿ, ಅಚ್ಚಿನ ತೂತಿನಿಂದ ಒತ್ತಿ, ನಮ್ಮ ಶಾವಿಗೆಯಂತೆ ಎಳೆ ತೆಗೆಯುತ್ತಿದ್ದರು. ಅರುವತ್ತರಷ್ಟು ಎಳೆಗಳ ಒಂದು ಸಣ್ಣ ಕಟ್ಟನ್ನು ಹಿತ್ತಾಳೆಯ ಚಿಪ್ಪಿಗೆ ಇಳಿಸಿದ ಮೇಲೆಯೇ ಚಿಪ್ಪಿನ ಕೊರಳನ್ನು ಕಿರಿದು ಮಾಡುತ್ತಿದ್ದರು; ಮೊದಲೇ ಮಾಡಿದ್ದರೆ ಶಾವಿಗೆಯ ಕಟ್ಟು ಒಳಗೆ ಇಳಿಯುತ್ತಿರಲಿಲ್ಲ.

ಆ ಕಾರ್ಡೈಟಿಗೆ ಕೋಪ ಹೆಚ್ಚು. ಅದರಲ್ಲಿ ನೂರಕ್ಕೆ 58 ಪಾಲು ನೈಟ್ರೊಗ್ಲಿಸರಿನ್. ಉರಿ ಎಷ್ಟು ಬಿಸಿಯೆಂದರೆ ನಳಿಗೆಯೇ ಸವೆದುಹೋಗುತ್ತಿತ್ತು. ದಕ್ಷಿಣ ಆಫ್ರಿಕದ ಬೋಯರ್ ಯುದ್ಧದ ಅನುಭವವಾದ ಮೇಲೆ 1901ರಲ್ಲಿ ಅದನ್ನು 30 ಪಾಲಿಗೆ ಇಳಿಸಿ ಹೊಸ ಪಾಕವನ್ನು ತಂದರು. ಮುಂದೆ ಎಳೆಗಳ ನಡುವೆ ತೂತು ಬಂದು ಶಾವಿಗೆ ಟೊಳ್ಳು ಕೊಳವೆಯಾಯಿತು. ಇದನ್ನು ನಮ್ಮ ದೇಶದಲ್ಲಿ ತಯಾರಿಸಲು ನೀಲಗಿರಿಯ ಅರುವಂಕಾಡಿನಲ್ಲಿ ಕಾರ್ಖಾನೆ ಎದ್ದದ್ದು ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ. ಊಟಿಯ ಪುಟ್ಟ ರೈಲಿನಲ್ಲಿ ಕೂನೂರು ದಾಟಿದರೆ ಆ ನಿಲ್ದಾಣ ಸಿಗುತ್ತದೆ. ಸುತ್ತಣ ಹಟ್ಟಿಗಳಲ್ಲಿ ಕೇಳಿಬರುವ ಬಡಗರ ಮಾತು ನಮ್ಮ ಕನ್ನಡಕ್ಕೆ ಎಷ್ಟು ಹತ್ತಿರವೆಂಬುದನ್ನು ಹೋಗಿಬಂದವರು ಬಲ್ಲರು. ಖಡಕಿಯ ತೋಟಾಗಳ ತಳದಲ್ಲಿ ಕೆ.ಎಫ್. ಎಂಬ ಎರಡು ಅಕ್ಷರ ಒತ್ತಿರುತ್ತಿತ್ತು. ಮಲೆನಾಡಿನ ತೋಟಗಳ ಮನೆಗಳಲ್ಲಿ ಹನ್ನೆರಡು ಬೋರಿನ ತೋಟಾದ ಮೇಲೆ ಅದೇ ಗುರುತನ್ನು ನೋಡಿದ ನೆನಪು ಹಲವರಿಗಿದ್ದೀತು.

ಗಮನಿಸಬೇಕಾದ ಸ್ವಾರಸ್ಯವೆಂದರೆ, ಆಗ ಜಗತ್ತು ಭಾರದಿಂದ ಹಗುರದ ಕಡೆಗೆ ಓಡುತ್ತಿತ್ತು. ಜರ್ಮನರು 1905ರಲ್ಲಿ ಮೂತಿ ಚೂಪಾದ 154 ಗ್ರೇನ್ ಗುಂಡನ್ನು ತಂದರು. .303ರ ಗುಂಡೂ 1910ರಲ್ಲಿ 215ರಿಂದ 174ಕ್ಕೆ ಇಳಿದು ಚೂಪಾಯಿತು. ಹಗುರವಾದ್ದರಿಂದ ಬಾಯಿಬಿಟ್ಟ ಕೂಡಲೆ ವೇಗ ಹೆಚ್ಚು, ನಾನ್ನೂರು ಗಜದವರೆಗೆ ನೇರ ಓಟ. ಸಿಪಾಯಿಗೆ ಅಷ್ಟು ಸಾಕು. ಸಾವಿರ ಗಜದ ಪಂದ್ಯದವರಿಗೆ ಮಾತ್ರ ಸಾಲದು. 1860ರಲ್ಲಿ ವಿಂಬಲ್ಡನ್ನಿನಲ್ಲಿ ಆರಂಭವಾಗಿ 1890ರಲ್ಲಿ ಬಿಸ್ಲಿಗೆ ಹೋದ ರಾಣಿಯ ಬಹುಮಾನದ ಪಂದ್ಯ, 1876ರಲ್ಲಿ ನ್ಯೂಯಾರ್ಕಿನ ಕ್ರೀಡ್‌ಮೂರ್ ಮೈದಾನದಲ್ಲಿ ತೊಡಗಿದ ಪಾಲ್ಮಾ ಪಂದ್ಯ, ಇವೆಲ್ಲ ಗಾಳಿಯೊಂದಿಗೆ ಮಾಡುವ ಕುಸ್ತಿ. ಒಂದೇ ಅಳತೆಯ ನಳಿಗೆಯಲ್ಲಿ ಗುಂಡು ಭಾರವಾಗಬೇಕಾದರೆ ಅದು ಉದ್ದವಾಗಲೇಬೇಕು. ಉದ್ದವಾದ ಭಾರದ ಗುಂಡು ಹೊರಡುವಾಗ ನಿಧಾನವಾದರೂ ದಾರಿಯಲ್ಲಿ ವೇಗವನ್ನು ಬಿಟ್ಟುಕೊಡುವುದು ಕಡಿಮೆ, ಅಡ್ಡಗಾಳಿಗೆ ಬಾಗುವುದೂ ಕಡಿಮೆ. ಸಾವಿರ ಗಜದ ದಾರಿಗೆ ಗುಂಡು ಒಂದೂವರೆ ಸೆಕೆಂಡಿಗೂ ಹೆಚ್ಚು ಹೊತ್ತು ಗಾಳಿಯಲ್ಲಿರುತ್ತದೆ. ಅದರ ವೇಗ ಶಬ್ದದ ವೇಗದ ಹತ್ತಿರಕ್ಕೆ ಇಳಿದರೆ ಬುಗುರಿ ಓಲಾಡುವ ಹಾಗೆ ಓಲಾಡಲು ತೊಡಗೀತು. ಪ್ರಸಿದ್ಧವಾದ 168 ಗ್ರೇನ್ ಸಿಯೆರಾ ಗುಂಡಿನ ಮೇಲೆ ಸಾವಿರ ಗಜದಲ್ಲಿ ಇದೇ ದೂರು. ಆ ದೂರಕ್ಕೆ 175 ಗ್ರೇನಿನದು ಲೇಸೆಂದು ಅಮೆರಿಕದ ಸೈನ್ಯವೂ ಅದನ್ನು ಒಪ್ಪಿಕೊಂಡಿತು. ಹುಡುಗ ಭಾರದ ಗುಂಡಿಗೆ ಹೋಗಬೇಕೆಂದದ್ದು ತಪ್ಪಲ್ಲ. ಆದರೆ ಉದ್ದದ ಗುಂಡಿಗೆ ನಳಿಗೆಯ ಸುರುಳಿಗೆರೆಯೂ ಬಿಗಿಯಾಗಿರಬೇಕು; ತನ್ನ ಬಂದೂಕಿನದು ಎಷ್ಟೆಂದು ಮೊದಲು ನೋಡಿಕೊಳ್ಳಲಿ.

ಈಗ ಯಾವ ಮದ್ದು ಎಂಬ ಮಾತಿಗೆ ಬರೋಣ. ಮದ್ದುಗಳನ್ನು ಅವಸರದಿಂದ ನಿಧಾನದವರೆಗೆ ಸಾಲಾಗಿ ಬರೆದ ಪಟ್ಟಿಗಳು ಸಿಗುತ್ತವೆ. ತಲೆಯಲ್ಲಿ ಬುಲ್ಸೈ ಮುಂತಾದ ಪಿಸ್ತೂಲಿನ ಮದ್ದುಗಳು. ನಡುವೆ ಎಚ್ 4895, ಐ.ಎಂ.ಆರ್. 4064, ವಾರ್ಗೆಟ್, ರಿಲೋಡರ್ 15; ಇನ್ನೂ ಕೆಳಗೆ ಎಚ್ 4350; ತಳದಲ್ಲಿ ಎಚ್ 1000, ರೆಟುಂಬೊ. .308ರಲ್ಲಿ ಹಗುರದ ಗುಂಡಿಗೆ 4895ರ ಆಸುಪಾಸಿನದು ಹೊಂದುತ್ತದೆ. 175, 185ಕ್ಕೆ ಹೋದವರು ಸಾಮಾನ್ಯವಾಗಿ ಒಂದು ಮೆಟ್ಟಿಲು ಇಳಿದು 4064, ವಾರ್ಗೆಟ್, ರಿಲೋಡರ್ 15 ಇವುಗಳಲ್ಲಿ ನಿಲ್ಲುತ್ತಾರೆ. ಇದೇ ಸರಿಯಾದ ಜಾಗವೆಂಬುದು ನಮ್ಮ ಅಭಿಪ್ರಾಯವೂ ಹೌದು. ಇನ್ನೂ ನಿಧಾನದ 4350ಕ್ಕೆ ಇಳಿದರೆ, ಈ ಚಿಕ್ಕ ಚಿಪ್ಪಿನಲ್ಲಿ ಒತ್ತಡ ಬೇಕಾದಷ್ಟು ಏರುವ ಮೊದಲೇ ಜಾಗ ಮುಗಿದುಹೋಗುತ್ತದೆ. ಉದ್ದದ ಗುಂಡು ಬೇರೆ ಒಳಕ್ಕೆ ಕಾಲು ಚಾಚಿ ಮದ್ದಿನ ಜಾಗವನ್ನು ತಿಂದಿರುತ್ತದೆ. ಅದೇ 4350, 6.5 ಕ್ರೀಡ್‌ಮೂರ್ ಎಂಬ ತೋಟಾದಲ್ಲಿ 140 ಗ್ರೇನಿನ ತೆಳುವಾದ ಉದ್ದ ಗುಂಡಿಗೆ ಅಚ್ಚುಮೆಚ್ಚಿನ ಜೋಡಿ. ನಮ್ಮ ಬೆಂಗಳೂರಿನ ಎಸ್.ಎಸ್.ಎಸ್. ಡಿಫೆನ್ಸ್ ಕಂಪನಿ ತಯಾರಿಸುವ ಸೇಬರ್ ಬಂದೂಕು .338 ಲಪುವಾ ತೋಟಾದ್ದು. ಆ ಜಾತಿಯ ತೋಟಾದಲ್ಲಿ ಗುಂಡು 250, 300 ಗ್ರೇನ್, ಮದ್ದು ಅರ್ಧ ತೊಲೆಯ ಸುತ್ತಮುತ್ತ. ಅಲ್ಲಿ ಎಚ್ 1000, ರೆಟುಂಬೊಗಳಂತಹ ಮಹಾ ನಿಧಾನಿಗಳಿಗೇ ಕೆಲಸ. ಚಿಪ್ಪಿನ ಹೊಟ್ಟೆ, ನಳಿಗೆಯ ಅಳತೆ, ಗುಂಡಿನ ತೂಕ ಮೂರನ್ನೂ ಕೂಡಿಸಿ ನೋಡಬೇಕು; ತೂಕವೊಂದನ್ನೇ ನೋಡಿದರೆ ಆಗದು.

ಈ ಸಾಲುಪಟ್ಟಿಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಅವು ಸಾಲು ಮಾತ್ರ, ಅಳತೆಯಲ್ಲ. ತರಗತಿಯಲ್ಲಿ ಮೂರನೆಯವನಿಗೂ ನಾಲ್ಕನೆಯವನಿಗೂ ಅಂಕದ ಅಂತರ ಒಂದಿರಬಹುದು, ಇಪ್ಪತ್ತಿರಬಹುದು. ಪಟ್ಟಿಯಲ್ಲಿ ನೆರೆಯವೆಂದು ಒಂದರ ತೂಕವನ್ನು ಇನ್ನೊಂದಕ್ಕೆ ಹಾಕುವುದು ಪ್ರಮಾದ. ಹೆಸರಿನ ಮೋಸವೂ ಉಂಟು: ಎಚ್ 4895 ಬೇರೆ, ಐ.ಎಂ.ಆರ್. 4895 ಬೇರೆ, ಎಚ್ 4350 ಬೇರೆ, ಐ.ಎಂ.ಆರ್. 4350 ಬೇರೆ. ಅಂಕಿ ಒಂದೇ ಎಂದು ಮದ್ದೂ ಒಂದೇ ಎಂದುಕೊಳ್ಳಬಾರದು. ಪಿಸ್ತೂಲಿನ ಮದ್ದಿನ ಡಬ್ಬಿಯಂತೂ ಬಂದೂಕಿನ ತೋಟಾ ತುಂಬುವ ಮೇಜಿನ ಮೇಲೆ ಇರಲೇಕೂಡದು. ಒಂದು ಹೊತ್ತಿಗೆ ಒಂದೇ ಡಬ್ಬಿ. ಕೆಲಸ ಮುಗಿದರೆ ಉಳಿದ ಮದ್ದು ತನ್ನ ಡಬ್ಬಿಗೇ ವಾಪಸು. ಗುರುತು ತಪ್ಪಿದ ಮದ್ದು ಎಷ್ಟೇ ಬೆಲೆಯದಾದರೂ ಉಪಯೋಗಕ್ಕಿಲ್ಲ. ಎಷ್ಟು ಗ್ರೇನ್ ಹಾಕಬೇಕೆಂಬ ಅಂಕಿಯನ್ನು ನಾವು ಬೇಕೆಂದೇ ಇಲ್ಲಿ ಬರೆದಿಲ್ಲ. ಅದು ಮದ್ದಿನ ಕಂಪನಿಯ ಕೈಪಿಡಿಯಲ್ಲಿ, ಆ ಗುಂಡಿಗೆ, ಆ ಚಿಪ್ಪಿಗೆ ಎಂದು ಅಚ್ಚಾಗಿರುತ್ತದೆ. ಅಲ್ಲಿಯೂ ಕೊನೆಯ ಅಂಕಿಯಿಂದಲ್ಲ, ಮೊದಲ ಅಂಕಿಯಿಂದ ತೊಡಗಬೇಕು. ಹಾರಿಸಿದ ಮೇಲೆ ಕೇಪು ಚಪ್ಪಟೆಯಾಗಿದ್ದರೆ, ಚಿಪ್ಪನ್ನು ಹೊರಗೆಳೆಯಲು ಕೈಗೆ ಬಿಗಿಯಾದರೆ ಅಲ್ಲಿಗೇ ನಿಲ್ಲಿಸಬೇಕು. ಸ್ನೇಹಿತ ಹೇಳಿದ, ಎಲ್ಲೋ ಓದಿದೆ ಎಂಬ ಅಂಕಿಗಳನ್ನು ಮನೆಯೊಳಗೆ ಸೇರಿಸಬಾರದು.

ನಿಧಾನದ ಮದ್ದು ಒಳ್ಳೆಯದೆಂದರೆ ನಿಧಾನವಾದಷ್ಟೂ ಒಳ್ಳೆಯದೆಂದಲ್ಲ. ಗುಂಡು ಬಾಯಿ ದಾಟಿದ ಮೇಲೂ ಉರಿಯುತ್ತಿರುವ ಮದ್ದು ಬರಿಯ ಬೆಂಕಿಯ ಹೂವು. ದುಡ್ಡೂ ಹೋಯಿತು, ವೇಗವೂ ಒಂದೊಂದು ಈಡಿಗೆ ಒಂದೊಂದು. ತಾನಾಗಿ ತೋಟಾ ತುಂಬಿಕೊಳ್ಳುವ ಬಂದೂಕುಗಳಲ್ಲಿ ಇನ್ನೂ ಒಂದು ಅಪಾಯವಿದೆ. ಅವು ನಳಿಗೆಯಿಂದ ಸ್ವಲ್ಪ ಅನಿಲವನ್ನು ಕದ್ದು ತಮ್ಮ ಯಂತ್ರವನ್ನು ನಡೆಸುತ್ತವೆ. ಎರಡನೆಯ ಮಹಾಯುದ್ಧದ ಅಮೆರಿಕನ್ ಗ್ಯಾರಂಡ್ ಬಂದೂಕಿಗೆ ಅತಿ ನಿಧಾನದ ಮದ್ದನ್ನೂ ಭಾರದ ಗುಂಡನ್ನೂ ಕೂಡಿಸಿದರೆ, ಅನಿಲ ಕದಿಯುವ ತೂತಿನ ಬಳಿ ಒತ್ತಡ ಇನ್ನೂ ಜೋರಾಗಿದ್ದು, ಅದರ ಉದ್ದನೆಯ ಸಲಾಕೆಯೇ ಬಾಗಿಬಿಡುತ್ತದೆ. ಮದ್ದು ಬದಲಿಸಿದ್ದಕ್ಕೆ ಜೀವವನ್ನೇ ತೆತ್ತ ಪ್ರಸಂಗವೂ ನಡೆದಿದೆ. ಎಂ-16 ಬಂದೂಕನ್ನು ಒಂದು ಬಗೆಯ ಮದ್ದಿನಿಂದ ಪರೀಕ್ಷಿಸಿ, 1964ರಿಂದ ಇನ್ನೊಂದು ಬಗೆಯದನ್ನು ತುಂಬಿ ವಿಯೆಟ್ನಾಮಿಗೆ ಕಳುಹಿಸಿದರು. ಬಂದೂಕು ಬೇಕಾದದ್ದಕ್ಕಿಂತ ವೇಗವಾಗಿ ಓಡಿತು, ಒಳಗೆ ಮಸಿ ಕಟ್ಟಿತು, ನಳಿಗೆಯ ಗೂಡಿಗೆ ಕ್ರೋಮಿಯಮ್ ಲೇಪವೂ ಇರಲಿಲ್ಲ; ಕಾಳಗದ ನಡುವೆ ಚಿಪ್ಪು ಸಿಕ್ಕಿಹಾಕಿಕೊಂಡು ಹುಡುಗರು ಸತ್ತರು. 1967ರಲ್ಲಿ ಇಕಾರ್ಡ್ ಎಂಬವರ ಅಧ್ಯಕ್ಷತೆಯಲ್ಲಿ ಅಲ್ಲಿಯ ಪಾರ್ಲಿಮೆಂಟಿನ ಉಪಸಮಿತಿಯೇ ವಿಚಾರಣೆಗೆ ಕೂರಬೇಕಾಯಿತು.

ವೇಗ ಹೆಚ್ಚಬೇಕು ಎನ್ನುವುದಕ್ಕಿಂತ ವೇಗ ಒಂದೇ ಸಮನಾಗಿರಬೇಕು ಎನ್ನುವುದು ಸಾವಿರ ಗಜದವರ ನಿಜವಾದ ಚಿಂತೆ. ಸೆಕೆಂಡಿಗೆ 2600 ಅಡಿ ಹೊರಡುವ ಗುಂಡೊಂದು 30 ಅಡಿ ಕಡಿಮೆ ಹೊರಟಿತೆನ್ನಿ. ನೂರು ಗಜದಲ್ಲಿ ಯಾರಿಗೂ ಗೊತ್ತಾಗದು. ಸಾವಿರ ಗಜದಲ್ಲಿ ಅದು ಸುಮಾರು ಹತ್ತು ಅಂಗುಲ ಕೆಳಗೆ ಬಿದ್ದಿರುತ್ತದೆ. ಅಮೆರಿಕದವರ ಸಾವಿರ ಗಜದ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತ 20 ಅಂಗುಲ ಅಗಲ. ಅಂದರೆ ಕೈ ಅಲುಗದಿದ್ದರೂ, ಗಾಳಿ ಬೀಸದಿದ್ದರೂ, ನಡುಮಧ್ಯದಲ್ಲಿದ್ದ ಗುಂಡು ಅಂಚಿಗೆ ಹೋಗಿ ಕುಳಿತಿತು. ಆದ್ದರಿಂದ ಎರಡು ಮದ್ದುಗಳಲ್ಲಿ ಒಂದು ಹೆಚ್ಚು ವೇಗ ಕೊಟ್ಟು ಏರುಪೇರಾಗುತ್ತಿದ್ದರೆ, ಇನ್ನೊಂದು ಐವತ್ತು ಅಡಿ ಕಡಿಮೆ ಕೊಟ್ಟು ಒಂದೇ ಸಮನಾಗಿದ್ದರೆ, ನಾವಾದರೆ ಎರಡನೆಯದನ್ನೇ ಆರಿಸುತ್ತೇವೆ. ಇದನ್ನು ವೇಗ ಅಳೆಯುವ ಯಂತ್ರವಿಲ್ಲದೆ ಊಹೆಯಿಂದ ತಿಳಿಯಲಾಗದು. ಟೆಕ್ಸಾಸಿನಲ್ಲಿ ಅದು ಸುಲಭವಾಗಿ ಸಿಗುತ್ತದೆ.

ಬಿಸಿಲಿನ ಮಾತೂ ಇದಕ್ಕೇ ಸೇರಿದ್ದು. ಮದ್ದು ಬಿಸಿಯಾದಷ್ಟೂ ಬಿರುಸು. ಪುಣೆಯಲ್ಲಿ ಮಾಘದ ಬೆಳಗ್ಗೆ ಹತ್ತು ಡಿಗ್ರಿಗೂ ಕೆಳಗೆ ನಡುಗುವವರೇ ವೈಶಾಖದಲ್ಲಿ ನಾಲ್ವತ್ತರ ಬಿಸಿಲಿಗೆ ಬೇಯುತ್ತೇವೆ. ಟೆಕ್ಸಾಸಿನ ಬೇಸಗೆಯೂ ಇದಕ್ಕೆ ಕಡಿಮೆಯದಲ್ಲ. ಚಳಿಗಾಲದಲ್ಲಿ ಮೇರೆಯ ಅಂಚಿಗೆ ತುಂಬಿಟ್ಟ ತೋಟಾ ಬೇಸಗೆಯಲ್ಲಿ ಮೇರೆ ದಾಟೀತು. ಆಸ್ಟ್ರೇಲಿಯದ ಮುಲ್ವಾಲಾ ಕಾರ್ಖಾನೆಯಲ್ಲಿ ತಯಾರಾಗುವ ವಾರ್ಗೆಟ್, ಎಚ್ 4350 ಮುಂತಾದವು ಬಿಸಿಲು ಚಳಿಗೆ ಅಷ್ಟಾಗಿ ಬದಲಾಗವೆಂದು ಹೆಸರಾಗಿವೆ. ದೂರದ ಪಂದ್ಯದವರು ಬೆಲೆ ನೋಡದೆ ಅವನ್ನೇ ಹುಡುಕಿಕೊಂಡು ಹೋಗುವುದು ಇದಕ್ಕಾಗಿ. ಆದರೂ ತೋಟಾದ ಪೆಟ್ಟಿಗೆಯನ್ನು ಕಾರಿನ ಗಾಜಿನ ಕೆಳಗೆ ಬಿಸಿಲಿಗಿಡುವುದು, ಹಾರಿಸಿ ಕಾದ ಗೂಡಿನಲ್ಲಿ ಮುಂದಿನ ತೋಟಾವನ್ನು ಕೂಡಿಸಿಟ್ಟು ಹರಟೆ ಹೊಡೆಯುವುದು, ಇವೆರಡೂ ಕೆಟ್ಟ ಅಭ್ಯಾಸಗಳು.

ಇದನ್ನೆಲ್ಲ ಓದಿ ನಮ್ಮ ತರುಣರು ಯಾರಾದರೂ ಮನೆಯಲ್ಲೇ ತೋಟಾ ತುಂಬಲು ಕೈಹಾಕಿಯಾರೆಂಬ ಭಯದಿಂದ ಇದನ್ನೂ ಹೇಳಬೇಕಾಗಿದೆ. ನಮ್ಮ ದೇಶದಲ್ಲಿ 1959ರ ಶಸ್ತ್ರ ಕಾಯಿದೆಯ ಐದನೆಯ ವಿಧಿಯಂತೆ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಇಲ್ಲಿ ಮದ್ದನ್ನು ಆರಿಸುವ ಕೆಲಸ ಕಾರ್ಖಾನೆಯದು, ಪ್ರಯೋಗಾಲಯದ್ದು. ಬಾಲೇವಾಡಿಯ ಮೈದಾನದಲ್ಲಿ ಅಭ್ಯಾಸ ಮಾಡುವ ನಮ್ಮ ಹುಡುಗ ಹುಡುಗಿಯರಿಗೂ ಮದ್ದಿನ ಮೇಲೆ ಅಧಿಕಾರವಿಲ್ಲ. ಐವತ್ತು ಮೀಟರಿನ ಪಂದ್ಯದ .22 ತೋಟಾದಲ್ಲಿ ಕೇಪಿನ ಸಾಮಗ್ರಿ ತಳದ ಅಂಚಿನೊಳಗೇ ಇರುವುದರಿಂದ ಅದನ್ನು ಮತ್ತೆ ತುಂಬುವ ಕ್ರಮವೇ ಇಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಕಂಚಿನ ಪದಕ ಗೆದ್ದ, ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆಯವರು ಬಾಲೇವಾಡಿಯಲ್ಲಿ ಪಳಗಿದವರೇ. ಅಲ್ಲಿಯ ಹತ್ತರ ವೃತ್ತ 10.4 ಮಿಲಿಮೀಟರ್, ನಮ್ಮ ಒಂದು ಕಡಲೆಕಾಳಿಗಿಂತ ತುಸು ದೊಡ್ಡದು. ಇಂತಹ ಪಂದ್ಯದವರು ಮಾಡುವುದಿಷ್ಟು: ಎಲೀ, ಲಪುವಾ ಮುಂತಾದ ಕಂಪನಿಗಳ ಪರೀಕ್ಷಾ ಶಾಲೆಗೆ ತಮ್ಮ ಬಂದೂಕನ್ನು ಒಯ್ದು, ಬೇರೆಬೇರೆ ದಿನ ತಯಾರಾದ ತೋಟಾಗಳನ್ನು ಒಂದೊಂದಾಗಿ ಹಾರಿಸಿ, ಯಾವ ದಿನದ ತಯಾರಿ ತಮ್ಮ ನಳಿಗೆಗೆ ಒಗ್ಗಿತೋ ಆ ಸಂಖ್ಯೆಯ ಪೆಟ್ಟಿಗೆಗಳನ್ನೇ ವರ್ಷಕ್ಕಾಗುವಷ್ಟು ಕೊಂಡು ತರುತ್ತಾರೆ.

ಕೇಪಿನ ಕೋವಿಯ ಕರಿಮದ್ದನ್ನು ಕುರಿತು ಮಡಿಕೇರಿಯಿಂದ ಬಂದಿರುವ ಪತ್ರಕ್ಕೆ ಮುಂದಿನ ಸಂಚಿಕೆಯಲ್ಲಿ ಉತ್ತರ ಕೊಡುತ್ತೇವೆ.